ಡಿ-ಯಿಂದ ಶುರುವಾಗುವ ಪದಗಳು

ನಾನು ನನ್ನ ಚಿಕ್ಕಪ್ಪನ ಮಗನಿಗೆ ಗುದ್ದಲಿಯಲ್ಲಿ ಹೊಡೆದೆ. ಕೋರ್ಟಿನ ಕಾಗದದಲ್ಲಿ ಆ ಏಟು ನನ್ನ ಅಣ್ಣನ ಹೆಸರಿನಲ್ಲಿದೆ. ಹೊಡೆದವನು ಯಾರೆಂದು ಬಾಯಿಬಿಟ್ಟು ಹೇಳಿದವಳು ಒಬ್ಬಳೇ, ಏಟು ತಿಂದವನ ಹೆಂಡತಿ. ಅವಳ ಮಾತನ್ನು ಊರು ಇವತ್ತಿಗೂ ನಂಬುವುದಿಲ್ಲ. ನಂಬದ ಹಾಗೆ ಮಾಡಿದವನು ನಾನು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮೇಷ್ಟ್ರು ಬರೆದದ್ದು ಅಂದಮೇಲೆ ಏನಾದರೂ ಒಳ್ಳೆಯ ಮಾತು ಇದ್ದೀತು ಎಂದು ಓದಲು ಕೂತವರಿಗೆ ಆಮೇಲೆ ಬೇಜಾರಾಗಬಾರದು.

ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದೆ. ಮೊದಲು ಕೆ.ಆರ್. ಪೇಟೆ, ಆಮೇಲೆ ನಾಗಮಂಗಲ, ಕೊನೆಗೆ ಹೊಲಮನೆ ನೋಡಿಕೊಂಡು ಇರಬಹುದು ಎಂದು ಪಾಂಡವಪುರದ ಕಡೆಗೆ ವರ್ಗ ಮಾಡಿಸಿಕೊಂಡೆ. ನನಗೆ ವ್ಯಾಕರಣ ಕಲಿಸುವ ತಾಳ್ಮೆ ಇರಲಿಲ್ಲ. ಪದಗಳ ಬೇರು ಅಗೆಯುವ ಚಟ ಮಾತ್ರ ವಿಪರೀತ. ಪ್ರತಿ ವರ್ಷ ಕಾಲೇಜು ಶುರುವಾದ ವಾರ ಲ್ಯಾಟಿನ್ನಿನ ಒಂದು ಪೂರ್ವಪ್ರತ್ಯಯ ಆರಿಸಿಕೊಂಡು ಅದರ ಹಿಂದೆ ಬೀಳುತ್ತಿದ್ದೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು 'ಡಿ'. ಕೆಳಕ್ಕೆ, ಆಚೆಗೆ, ಕಿತ್ತು, ಪೂರಾ ಎಂಬ ಅರ್ಥಗಳೆಲ್ಲ ಅದರಲ್ಲಿವೆ. ಪದದ ಮುಂದೆ ಅದು ಬಂದು ಕೂತಿತೆಂದರೆ ಏನೋ ಒಂದು ಬೀಳಬೇಕು, ಇಲ್ಲ ತುಂಡಾಗಬೇಕು.

ಡಿಸೈಡ್ ಅಂದರೆ ತೀರ್ಮಾನ ಎಂದು ಮಕ್ಕಳು ಬರೆದುಕೊಳ್ಳುತ್ತಿದ್ದರು. ಅದರ ಹೊಟ್ಟೆಯಲ್ಲಿರುವುದು ಕತ್ತರಿಸಿ ಬಿಸಾಡುವುದು ಎಂದು ನಾನು ಹೇಳುತ್ತಿದ್ದೆ. ಡಿಬೇಟ್ ಅಂದರೆ ಚರ್ಚಾಸ್ಪರ್ಧೆ, ಗೆದ್ದವರಿಗೆ ಸ್ಟೀಲಿನ ಲೋಟ ಕೊಡುತ್ತಾರೆ. ಮೂಲದಲ್ಲಿ ಅದು ಹೊಡೆದು ಕೆಡವುವುದು. ಡಿಫೆಂಡ್ ಅನ್ನುವಾಗ ಕೂಡ ಒಳಗೆ ಒಂದು ಏಟಿದೆ, ಆ ಏಟನ್ನು ಆಚೆಗೆ ತಳ್ಳುವುದು ಅದರ ಅರ್ಥ. ಡಿಸ್ಟ್ರಾಯ್ ಅಂದರೆ ಕಟ್ಟಿದ್ದನ್ನು ಒಂದೊಂದೇ ಇಟ್ಟಿಗೆಯಾಗಿ ಕೀಳುವುದು. ಇದನ್ನೆಲ್ಲ ನಾನು ಮೆತ್ತಗೆ ಹೇಳುತ್ತಿರಲಿಲ್ಲ. ಡಸ್ಟರಿನಿಂದ ಮೇಜಿಗೆ ಬಡಿಯುತ್ತಾ ಹೇಳುತ್ತಿದ್ದೆ. ಎರಡು ಡಸ್ಟರು ಮುರಿದಿದ್ದೇನೆ. ಕೋಪ ನನಗೆ ಮೂಗಿನ ತುದಿಯಲ್ಲಿರುತ್ತಿತ್ತು, ಅದನ್ನು ವಿದ್ವತ್ತು ಎಂದುಕೊಂಡಿದ್ದೆ.

ಆ ಪಟ್ಟಿಯಲ್ಲಿ ಡಿರೈವ್ ಎಂಬ ಪದ ಬಂದಾಗ ಮಾತ್ರ ನಮ್ಮ ಕಡೆಯ ಮಕ್ಕಳು ನನಗಿಂತ ಮುಂದಿರುತ್ತಿದ್ದರು. ರೀವಸ್ ಅಂದರೆ ಹೊಳೆ, ತೊರೆ. ಡಿರೈವ್ ಅಂದರೆ ಹರಿಯುವ ನೀರನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವುದು. ಪಡೆಯುವುದು, ಹುಟ್ಟುವುದು ಎಂಬ ಅರ್ಥವೆಲ್ಲ ಆಮೇಲೆ ಬಂದದ್ದು. ಕೆ.ಆರ್.ಎಸ್. ನಾಲೆಯ ನೀರು ಕುಡಿದು ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೆ? ಹಿಂದಿನ ಬೆಂಚಿನಿಂದ ಒಬ್ಬ, "ಅದ್ಕೇ ಸಾರ್ ನಮ್ಮಪ್ಪನ ತಲೇಲಿ ಆರು ವಲ್ಗೆ ಇರೋದು" ಎಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ.

ನಮ್ಮ ಮನೆಯಲ್ಲೂ ಎಣಿಸಿದರೆ ಹೊಲಿಗೆ ಬೇಕಾದಷ್ಟಿದ್ದವು. ನಮ್ಮಪ್ಪನ ಎಡ ಮೊಣಕೈ ನೇರವಾಗುತ್ತಿರಲಿಲ್ಲ, ಯಾರೋ ದೊಣ್ಣೆಯಲ್ಲಿ ಕೊಟ್ಟಿದ್ದರು. ಚಿಕ್ಕಪ್ಪನ ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ, ಕುಡುಗೋಲನ್ನು ತಡೆಯಲು ಹೋಗಿ ಕಳೆದುಕೊಂಡಿದ್ದ. ಇದನ್ನು ಯಾರೂ ದೊಡ್ಡ ಸುದ್ದಿ ಮಾಡುತ್ತಿರಲಿಲ್ಲ. ಹಬ್ಬದ ದಿನ ಆ ಎರಡು ಬೆರಳಿಲ್ಲದ ಕೈಯೇ ನಮಗೆಲ್ಲ ಒಬ್ಬಟ್ಟಿಗೆ ತುಪ್ಪ ಹಾಕುತ್ತಿತ್ತು.

ಅಪ್ಪ, ಚಿಕ್ಕಪ್ಪ ಪಾಲಾದಾಗ ಗದ್ದೆ ಎರಡಾಯಿತು, ತೂಬು ಮಾತ್ರ ಒಂದೇ ಉಳಿಯಿತು. ಒಂದು ದಿನ ನಮ್ಮ ಸರದಿ, ಮಾರನೆಯ ದಿನ ಅವರದು. ಹೊತ್ತು ಮೂಡಿದಾಗಿನಿಂದ ಮತ್ತೆ ಹೊತ್ತು ಮೂಡುವವರೆಗೆ. ಇದರಲ್ಲಿ ಒಂದು ಕಟ್ಟುಪಾಡು ಇತ್ತು. ಸರದಿ ಮುಗಿದವನು ತನ್ನ ಗದ್ದೆಯ ಮಡೆಯನ್ನು, ಅಂದರೆ ನೀರು ಒಳಗೆ ಬರುವ ಬಾಯಿಯನ್ನು, ತಾನೇ ಹುಲ್ಲು ಮಣ್ಣು ಇಟ್ಟು ಕಟ್ಟಬೇಕು. ಇನ್ನೊಬ್ಬರು ಅದಕ್ಕೆ ಕೈ ಹಾಕಬಾರದು. ತಡವಾದರೆ ಬದುವಿನ ಮೇಲೆ ನಿಂತು ಕೂಗಬಹುದು, ಬೈಯಬಹುದು, ಕಾಲುವೆ ನೀರು ಹಂಚುವ ನೀರುಗಂಟಿಯನ್ನು ಕರೆಸಬಹುದು. ಕಟ್ಟಿಬಿಟ್ಟರೆ ಮಾತ್ರ ಅದು ನಾಲ್ಕು ಜನರ ಮುಂದೆ ಕುತ್ತಿಗೆಪಟ್ಟಿ ಹಿಡಿದ ಹಾಗೆ. ನಮ್ಮಪ್ಪ ಚಿಕ್ಕಪ್ಪ ಮಾತು ಬಿಟ್ಟಿದ್ದ ವರ್ಷಗಳಲ್ಲೂ ಇದನ್ನು ಮೀರಲಿಲ್ಲ.

ಅವತ್ತು ಭಾನುವಾರ. ಬೇಸಿಗೆ ಬೆಳೆ, ಭತ್ತಕ್ಕೆ ಹಾಲು ತುಂಬುವ ಹೊತ್ತು. ಅಣ್ಣ ಹಿಂದಿನ ದಿನ ಶ್ರೀರಂಗಪಟ್ಟಣದ ನೆಂಟರ ಮನೆಗೆ ಹೋದವನು ಬಂದಿರಲಿಲ್ಲ. ಬೆಳಿಗ್ಗೆ ಫೋನು ಮಾಡಿ, "ಒತ್ತು ಮೂಡಕ್ ಮುಂಚೆ ಮಡೆ ಕಟ್ಬುಡ್ಲಾ, ಮರೀಬ್ಯಾಡ" ಎಂದ. ನಾನು ಗುದ್ದಲಿ ಹಿಡಿದು ಹೋದೆ. ಹೋದವನು ಪಂಪಿನ ಮನೆ ಕಟ್ಟೆಯ ಮೇಲೆ ಕೂತು, ನಾಳೆಯ ಪಾಠಕ್ಕೆ ಡಿ-ಪದಗಳ ಪಟ್ಟಿ ಬರೆಯುತ್ತಾ ಹೊತ್ತು ಏರಿದ್ದನ್ನು ನೋಡಲಿಲ್ಲ. ತಪ್ಪು ನನ್ನದು. ಹನ್ನೊಂದು ವರ್ಷದಲ್ಲಿ ಎಷ್ಟು ಸಲ ತಿರುವಿ ಹಾಕಿ ನೋಡಿದರೂ ತಪ್ಪು ನನ್ನದೇ.

ತಲೆ ಎತ್ತಿದಾಗ ತಮ್ಮ ನಮ್ಮ ಮಡೆಯಲ್ಲಿ ಬಗ್ಗಿ ನಿಂತು ಮಣ್ಣು ತುಳಿಯುತ್ತಿದ್ದ. ಚಿಕ್ಕಪ್ಪನ ಮಗನನ್ನು ನಾನು ತಮ್ಮ ಎಂದೇ ಕರೆಯುತ್ತಿದ್ದದ್ದು, ನನಗಿಂತ ಆರು ವರ್ಷ ಚಿಕ್ಕವನು. ಮೂರು ಸಲ ಕೂಗಿದನಂತೆ. ನನಗೆ ಕೇಳಿರಲಿಲ್ಲ.

"ಯಾರ್ಲಾ ಕಟ್ಟು ಅಂದೋರು ನಿಂಗೆ?" ಎಂದೆ.

ಅವನು ತಲೆ ಎತ್ತದೆ, "ಒತ್ತು ಮೂಡಿ ಒಂದ್ಗಂಟೆ ಆಯ್ತು ಕಣಣ್ಣ. ನಿಂಗೆ ಪುಸ್ತ್ಕದಲ್ಲಿ ಒತ್ತು ಮೂಡಕಿಲ್ವೇನೋ" ಎಂದ. ಅಷ್ಟೇ. ಬೈಗುಳ ಅಲ್ಲ, ಗೇಲಿ. ಅವನು ಹಾಗೆ ನೂರು ಸಲ ಗೇಲಿ ಮಾಡಿದ್ದ.

ನಾನು ಹಿಂದಿನಿಂದ ಹೋಗಿ ಅವನ ಸೊಂಟಕ್ಕೆ ಒದ್ದೆ. ಅವನು ಮುಖ ಅಡಿಯಾಗಿ ಕೆಸರಿಗೆ ಬಿದ್ದ. ಎದ್ದವನೇ ನನ್ನ ಕುತ್ತಿಗೆ ಹಿಡಿದ. ಅವನ ಕೈ ರೈತನ ಕೈ, ನನ್ನದು ಸೀಮೆಸುಣ್ಣ ಹಿಡಿದದ್ದು. ನನಗೆ ಉಸಿರು ಕಟ್ಟಿ ಕಣ್ಣು ಕಪ್ಪಾಯಿತು. ಅವನ ಹೆಬ್ಬೆರಳು ಕಚ್ಚಿದೆ, ಬಾಯಿಯಲ್ಲಿ ರಕ್ತ, ಮಣ್ಣು ಎರಡೂ ಬಂದವು. ಅವನು ಕೈಬಿಟ್ಟ. ಅಲ್ಲಿಗೆ ಜಗಳ ಮುಗಿದಿತ್ತು. ಅವನು ಬೆರಳು ಒದರುತ್ತಾ ಆ ಕಡೆ ತಿರುಗಿಕೊಂಡಿದ್ದ. ಆಗ ನಾನು ಗುದ್ದಲಿ ಎತ್ತಿಕೊಂಡು ಅದರ ಹಿಂಬದಿಯಿಂದ ಅವನ ಎಡಗಿವಿಯ ಮೇಲೆ ಬೀಸಿದೆ.

ತೆಂಗಿನಕಾಯಿ ನೆಲಕ್ಕೆ ಬಿದ್ದ ಶಬ್ದ ಬಂತು. ಅವನು ಬದುವಿನ ಮೇಲೆ ಕೂತು, ಆಮೇಲೆ ಪಕ್ಕಕ್ಕೆ ವಾಲಿದ. ಕಿವಿಯಿಂದ ಇಳಿದ ರಕ್ತ ಕಾಲುವೆಗೆ ಸೇರಿ ಅವನದೇ ಗದ್ದೆಯ ಕಡೆ ಹರಿಯಿತು. ಇನ್ನೊಂದು ಮಾತು ಬರೆಯಲೇಬೇಕು. ಗುದ್ದಲಿ ತಾಗಿದ ಆ ಒಂದು ಕ್ಷಣ ನನಗೆ ಖುಷಿಯಾಯಿತು. ಹೊಟ್ಟೆಯೊಳಗೆ ಏನೋ ಬಿಚ್ಚಿಕೊಂಡು ಹಗುರವಾಯಿತು. ಭಯ ಬಂದದ್ದು ಅದಾದ ಮೇಲೆ. ಮತ್ತೆ ಹೊಡೆಯಲು ಗುದ್ದಲಿ ಎತ್ತಿದ್ದೆ ಕೂಡ. "ಭಾವ, ಬುಡಿ" ಎಂದು ಕೂಗಿದ್ದು ಕೇಳಿ ಕೈ ನಿಂತಿತು. ಅವನ ಹೆಂಡತಿ ರೊಟ್ಟಿಯ ಗಂಟು ಹಿಡಿದು ಬದುವಿನ ಮೇಲೆ ನಿಂತಿದ್ದಳು. ನೋಡಿದವಳು ಅವಳು ಒಬ್ಬಳೇ.

ಆಸ್ಪತ್ರೆಗೆ ಅಣ್ಣ ನೇರವಾಗಿ ಬಸ್ಸಿಳಿದು ಬಂದ. ನಾನು ಕಾರಿಡಾರಿನಲ್ಲಿ ಕೂತಿದ್ದೆ, ಅಂಗಿಯ ಮೇಲೆಲ್ಲ ರಕ್ತ. ಅವನು ತನ್ನ ಅಂಗಿ ಬಿಚ್ಚಿ ನನಗೆ ಕೊಟ್ಟು, ನನ್ನದನ್ನು ತಾನು ಹಾಕಿಕೊಂಡ. ನನಗೆ ಅರ್ಥವಾಗಲಿಲ್ಲ.

"ಕೇಸ್ ನಂದು" ಎಂದ. "ಸುಮ್ಕಿರ್ಲಾ ನೀನು. ಎಲ್ಡ್ ದಿಸ ಒಳಗಿದ್ರೆ ನಿನ್ನ ಸಸ್ಪೆಂಡ್ ಮಾಡ್ತಾರೆ. ನಾನ್ ಒಳಗಿದ್ರೆ ಎಮ್ಮೆ ಆಲ್ ಕೊಡದ್ ನಿಲ್ಸ್ತದಾ?"

ನಮ್ಮ ಕಡೆ ಇದು ಹೊಸದಲ್ಲ. ನೌಕರಿಯಲ್ಲಿರುವ ತಮ್ಮನ ಕೇಸನ್ನು ಗದ್ದೆಯಲ್ಲಿರುವ ಅಣ್ಣ ಹೊತ್ತುಕೊಳ್ಳುವುದು ಎಷ್ಟೋ ಮನೆಗಳಲ್ಲಿ ನಡೆದಿದೆ. ಆಶ್ಚರ್ಯವಾದದ್ದು ವಾರ್ಡಿನೊಳಗೆ ಹೋದಾಗ. ಏಟು ತಿಂದವನು ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದವನು ನನ್ನ ಅಂಗಿ ಹಿಡಿದು ಬಗ್ಗಿಸಿಕೊಂಡು, "ದೊಡ್ಡಣ್ಣ ಒಡ್ದ ಅಂತ್ಲೇ ಬರ್ಸಿವ್ನಿ. ನೀನು ಬುಡ್ಸಕ್ ಬಂದೆ ಅಂತ ಯೇಳಿವ್ನಿ. ನಮ್ಮ್ ವಂಶಕ್ಕೆ ಇರೋದು ಒಂದೇ ಗೌರ್ಮೆಂಟ್ ಕೆಲ್ಸ ಕಣಣ್ಣ, ಅದ್ನೂ ಕಳ್ಕಂಡ್ರೆ ಯಂಗೆ" ಎಂದ. ಅವನ ಮಗಳು ಆ ವರ್ಷ ನನ್ನ ಕಾಲೇಜಿನಲ್ಲೇ ಇದ್ದಳು. "ಮಗೀಗೆ ಇಂಗ್ಲೀಷ್ ಒಂದು ಕಲ್ಸ್ಬುಡು" ಎಂದ. ನನಗೆ ಅಳು ಬಂತು. ನಾಚಿಕೆಯಿಂದಲೂ ಬಂತು, ಬಚಾವಾದೆ ಎಂಬ ಸಂತೋಷದಿಂದಲೂ ಬಂತು. ಯಾವುದು ಹೆಚ್ಚು ಎಂದು ಕೇಳಿದರೆ ಎರಡನೆಯದು.

ಅವನ ಹೆಂಡತಿ ಮಂಚದ ಆ ಕಡೆ ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಅವಳ ಹೇಳಿಕೆಯನ್ನೂ ಗಂಡಸರೇ ಬರೆಸಿದರು.

ಹೀಗೆ ಕಾಗದದ ಮೇಲೆ ನಾನು ಜಗಳ ಬಿಡಿಸಿದ ಮನುಷ್ಯನಾದೆ. ಅಣ್ಣ ಹದಿನೇಳು ದಿನ ಒಳಗಿದ್ದ. ಆ ದಿನಗಳಲ್ಲಿ ನಾನು ಕ್ಲಾಸಿನಲ್ಲಿ ನಿಂತು ಡಿಟೇನ್ ಅಂದರೆ ಹಿಡಿದು ಇಟ್ಟುಕೊಳ್ಳುವುದು, ಡಿಪೆಂಡ್ ಅಂದರೆ ಇನ್ನೊಂದಕ್ಕೆ ಜೋತುಬೀಳುವುದು ಎಂದು ಪಾಠ ಮಾಡಿದೆ. ಜಾಮೀನಿನ ಮೇಲೆ ಬಂದಾಗ ಅವನ ಮುಂದಿನ ಹಲ್ಲು ಒಂದು ಇರಲಿಲ್ಲ. ಬಚ್ಚಲಲ್ಲಿ ಜಾರಿದೆ ಎಂದ. ತುಟಿಯ ಒಳಗೆ ಗಾಯ ಬಾಯಿಬಿಟ್ಟುಕೊಂಡಿತ್ತು, ಯಾರೋ ಮುಷ್ಟಿಯಲ್ಲಿ ಗುದ್ದಿದ ಗಾಯ. ನಾನು ಕೇಳಲಿಲ್ಲ. ಕೇಳಿದ್ದರೆ ಆ ಹಲ್ಲೂ ನನ್ನ ತಲೆಗೆ ಬರುತ್ತಿತ್ತು.

ಆದರೆ ಊರಿನಲ್ಲಿ ಅಣ್ಣನ ಬೆಲೆ ಏರಿತು. ತಮಾಷೆಯಲ್ಲ, ನಿಜವಾಗಿ ಏರಿತು. ಮಡೆ ಮುಟ್ಟಿದ್ದಕ್ಕೆ ಚಿಕ್ಕಪ್ಪನ ಮಗ ಅಂತಲೂ ನೋಡದೆ ಕಿವಿ ಒಡೆದ ಗಂಡಸು ಎಂದು ನಾಲೆಯ ಮೇಲೆ ಅವನಿಗೆ ದಾರಿ ಬಿಡತೊಡಗಿದರು. ನ್ಯಾಯಪಂಚಾಯ್ತಿಗೆ ಕರೆದು ಕೂರಿಸಿದರು. ಮೊದಲು ಮೆತ್ತಗೆ ಮಾತಾಡುತ್ತಿದ್ದ ಮನುಷ್ಯ ಮೀಸೆ ಬಿಟ್ಟ. ತಾನು ಕೊಡದ ಏಟು ಅವನಿಗೆ ಒಗ್ಗಿತು. ಕೊಟ್ಟ ಏಟು ನನಗೆ ಒಗ್ಗಲಿಲ್ಲ.

ತಮ್ಮನ ಎಡಗಿವಿ ಪೂರ್ತಿ ಹೋಯಿತು, ಬಲಗಿವಿಯೂ ಮಂಕಾಯಿತು. ಅವನ ಮಗಳು ನನ್ನ ಕ್ಲಾಸಿನಲ್ಲಿ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಮನೆಯಲ್ಲಿ ದೊಡ್ಡಪ್ಪ, ಕಾಲೇಜಿನಲ್ಲಿ ಸಾರ್. ಒಂದು ದಿನ ಡಿ-ಯಿಂದ ಶುರುವಾಗುವ ಇಪ್ಪತ್ತು ಪದ ಬರೆದು ತರಲು ಹೇಳಿದೆ. ಅವಳ ಪಟ್ಟಿಯಲ್ಲಿ ಒಂಬತ್ತನೆಯದು ಡೆಫ್. ಕಿವುಡು. ನಾನು ಕೆಂಪು ಇಂಕಿನಲ್ಲಿ ಗೀಟು ಹೊಡೆದೆ.

"ಯಾಕೆ ತಪ್ಪು ಸಾರ್?" ಎಂದು ಎದ್ದು ನಿಂತಳು.

"ಅದು ಲ್ಯಾಟಿನ್ ಅಲ್ಲ. ಅದು ಹಳೇ ಇಂಗ್ಲಿಷ್ ಪದ. ಆ ಡಿ ಬೇರೆ."

"ಎಲ್ಲಿಂದ ಬಂತು ಸಾರ್ ಅದು?"

ಅವಳಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಪುಸ್ತಕವನ್ನು ನಾನು ಕಿಟಕಿಯಿಂದ ಆಚೆಗೆ ಎಸೆದೆ. ಅಧಿಕಪ್ರಸಂಗ ಮಾಡಬೇಡ, ಕೂತುಕೋ ಎಂದು ಅರಚಿದೆ. ಅವಳು ಹೊರಗೆ ಹೋಗಿ ಪುಸ್ತಕ ಎತ್ತಿ, ಮಣ್ಣು ಒರಸಿಕೊಂಡು ಬಂದು ಕೂತಳು. ಇಂಗ್ಲಿಷಿನಲ್ಲಿ ಅವಳು ಕಾಲೇಜಿಗೇ ಮೊದಲು ಬಂದಳು. ಕೊಟ್ಟ ಮಾತನ್ನು ನಾನು ಅಷ್ಟರ ಮಟ್ಟಿಗೆ ಉಳಿಸಿಕೊಂಡೆ.

ಕೇಸು ವಿಚಾರಣೆಗೆ ಬರುವ ಹೊತ್ತಿಗೆ ನಾಲ್ಕು ವರ್ಷ ಕಳೆದಿತ್ತು, ಅವಳು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ಅಷ್ಟರಲ್ಲಿ ಎರಡು ಮನೆಯೂ ರಾಜಿಯಾಗಿತ್ತು. ತಮ್ಮ, ಜಾರಿ ಗುದ್ದಲಿಯ ಮೇಲೆ ಬಿದ್ದೆ ಎನ್ನಬೇಕು. ಅವನ ಹೆಂಡತಿ, ನೋಡಲಿಲ್ಲ ಎನ್ನಬೇಕು. ನಾನು, ಜನ ಸೇರಿದ ಮೇಲೆ ಬಂದೆ ಎನ್ನಬೇಕು. ಸಾಕ್ಷಿಗಳು ತಿರುಗಿಬಿದ್ದರೆ ಅಣ್ಣ ಬಿಡುಗಡೆ. ಎಲ್ಲರಿಗೂ ಒಪ್ಪಿಗೆ. ಈ ಸಲವೂ ತಮ್ಮನ ಹೆಂಡತಿಯನ್ನು ಕೇಳಲಿಲ್ಲ, ಹೇಳಿದರು ಅಷ್ಟೇ.

ಸಾಕ್ಷಿ ಹೇಳುವುದಕ್ಕೂ ಒಂದು ಡಿ-ಪದವಿದೆ, ಡಿಪೊಸಿಷನ್. ಹೊತ್ತದ್ದನ್ನು ಕೆಳಗೆ ಇಳಿಸುವುದು. ನನ್ನ ಸರದಿ ಬಂದಿರಲಿಲ್ಲ, ಹಾಗಾಗಿ ಬಾಗಿಲಾಚೆ ನಿಂತಿದ್ದೆ. ಒಳಗಿನದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ತಮ್ಮನಿಗೆ ಪ್ರಶ್ನೆಗಳು ಕೇಳಿಸಲಿಲ್ಲ. ವಕೀಲರು ಎಡಗಡೆ ನಿಂತು ಕೇಳಿದರೆ ಅವನು ಬಲಗಡೆಗೆ ತಿರುಗಿ ಉತ್ತರ ಕೊಟ್ಟ. ನಿಮ್ಮ ವಯಸ್ಸು ಎಷ್ಟು ಎಂದರೆ, "ಎಲ್ಡ್ ಎಕ್ರೆ ಸ್ವಾಮಿ" ಎಂದ. ಕೂತಿದ್ದ ಜನ ನಕ್ಕರು. ಮಗಳು ಮುಂದೆ ಬಂದು ಬಲಗಿವಿಗೆ ಬಾಯಿಟ್ಟು ಒಂದೊಂದನ್ನೇ ಕೂಗಿ ಹೇಳಿದಳು. ಅವನು ಕಲಿಸಿಕೊಟ್ಟಂತೆ, ಜಾರಿ ಬಿದ್ದೆ ಎಂದ. ಮತ್ತೆ ಯಾರೋ ನಕ್ಕರು.

ಆ ನಗುವೇ ಕೆಡಿಸಿತು. ಆಮೇಲೆ ಕಟಕಟೆಗೆ ಬಂದ ಅವನ ಹೆಂಡತಿ, ಆರೋಪಿಯ ಸ್ಥಾನದಲ್ಲಿದ್ದ ಅಣ್ಣನ ಕಡೆ ತೋರಿಸಿ, "ಒಡ್ದೋರು ಇವ್ರಲ್ಲ" ಎಂದಳು. ಅಲ್ಲಿಯವರೆಗೆ ಸರಿಯೇ ಇತ್ತು. "ಆಚೆ ನಿಂತವ್ರಲ್ಲ ಇಂಗ್ಲೀಷ್ ಮೇಷ್ಟ್ರು, ಅವ್ರು ಒಡ್ದಿದ್ದು. ಇಂದ್ಗಡೆಯಿಂದ ಒಡುದ್ರು. ನಾನ್ ಕಣ್ಣಾರೆ ಕಂಡಿವ್ನಿ. ನನ್ ಗಂಡ ಜಾರಿಲ್ಲ ಸ್ವಾಮಿ, ಅವ್ರ್ ನಗೋದ್ ಬ್ಯಾಡ."

ಪೊಲೀಸರ ಮುಂದೆ ಅಣ್ಣನ ಹೆಸರು ಹೇಳಿದ್ದೀಯಲ್ಲ ಎಂದು ಸರ್ಕಾರಿ ವಕೀಲರು ಗದರಿದರು. "ನಾನ್ ಯೇಳಿಲ್ಲ, ಗಂಡುಸ್ರು ಬರ್ಸುದ್ರು" ಎಂದಳು. ಭಾವನನ್ನು ಉಳಿಸಲು ಸುಳ್ಳು ಹೇಳುತ್ತಿದ್ದೀಯ ಎಂದರು. "ಯಾವ್ ಭಾವುನ್ನೂ ಉಳ್ಸಕಲ್ಲ" ಎಂದಳು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ. ಅವಳ ಮೇಲೆ ಬಂದ ಸಿಟ್ಟು ಹೇಗಿತ್ತೆಂದರೆ, ಕೈಯಲ್ಲಿ ಗುದ್ದಲಿ ಇದ್ದಿದ್ದರೆ ಅಂದು ಏನಾಗುತ್ತಿತ್ತೋ.

ಗುದ್ದಲಿ ಇರಲಿಲ್ಲ, ಇಂಗ್ಲಿಷ್ ಇತ್ತು. ನನ್ನನ್ನು ಕರೆದರು. ಪ್ರಮಾಣ ಮಾಡಿದೆ. ಜನ ಸೇರಿದ ಮೇಲೆ ಬಂದೆ ಎಂದೆ. ಹಾಗಾದರೆ ಆಕೆ ನಿಮ್ಮನ್ನು ತೋರಿಸಿದ್ದು ಯಾಕೆ ಎಂದು ಕೇಳಿದರು. ನಾನು ನ್ಯಾಯಾಧೀಶರ ಕಡೆ ತಿರುಗಿ, ಕನ್ನಡ ಬಿಟ್ಟು, ತಡವರಿಸದ ಇಂಗ್ಲಿಷಿನಲ್ಲಿ, ಗಂಡನಿಗೆ ಪೆಟ್ಟಾದಾಗಿನಿಂದ ಆಕೆ ಡಿಲೀರಿಯಸ್ ಆಗಿದ್ದಾರೆ, ಪಾಪ, ಆಕೆಯ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದೆ. ದನಿಯಲ್ಲಿ ಕರುಣೆ ತುಂಬಿಕೊಂಡು ಹೇಳಿದೆ. ಇಂಗ್ಲಿಷಿನಲ್ಲಿ ಹೇಳಿದ್ದು ಯಾಕೆಂದರೆ, ಹೇಳಿದ್ದು ಅವಳಿಗೆ ತಿಳಿಯಬಾರದು ಎಂದು.

ಲೀರಾ ಅಂದರೆ ನೇಗಿಲು ಹೊಡೆದ ಸಾಲು. ಡಿಲೀರಿಯಂ ಅಂದರೆ ಸಾಲು ಬಿಟ್ಟು ಆಚೆಗೆ ಹೋಗುವುದು, ತಲೆಕೆಟ್ಟು ಬಡಬಡಿಸುವುದು ಎಂಬ ಅರ್ಥ ಆಮೇಲೆ ಬಂದದ್ದು. ನಾಗಮಂಗಲದಲ್ಲಿದ್ದಾಗ, ನಾಲೆ ಕಾಣದ ಒಣ ಹೊಲಗಳಿಂದ ಬರುತ್ತಿದ್ದ ಮಕ್ಕಳಿಗೆ ನಾನು ಈ ಪದವನ್ನೇ ಮೊದಲು ಹೇಳಿಕೊಡುತ್ತಿದ್ದೆ, ತಟ್ಟನೆ ಹಿಡಿಯುತ್ತಿದ್ದರು. ಆ ಕೋರ್ಟಿನಲ್ಲಿ ನಾವು ಮೂರು ಗಂಡಸರೂ ಸಾಲು ಬಿಟ್ಟು ಯಾವಾಗಲೋ ಬೇರೆಯವರ ಹೊಲ ಹೊಕ್ಕಿದ್ದೆವು. ನೆಟ್ಟಗೆ ಗೆರೆ ಹೊಡೆದವಳು ಅವಳೊಬ್ಬಳು. ಇದು ಆಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಗುದ್ದಲಿ ಬೀಸಿದ್ದಕ್ಕೆ ಕೋಪ ಬಂದಿತ್ತು ಎಂಬ ನೆಪವಾದರೂ ಇದೆ. ಇದನ್ನು ನಾನು ತಣ್ಣಗೆ ಮಾಡಿದೆ.

ಆ ಪದ ತಿಳಿದಿದ್ದವಳು ಇನ್ನೊಬ್ಬಳಿದ್ದಳು. ಮಗಳು ಅಪ್ಪನ ಪಕ್ಕದಲ್ಲಿ ಕೂತಿದ್ದಳು. ನನ್ನನ್ನು ನೋಡಿದಳು. ಆಮೇಲೆ ಅಮ್ಮನ ಕೈ ಹಿಡಿದುಕೊಂಡು ಎದ್ದು ಹೊರಗೆ ಹೋದಳು. ಅವತ್ತಿನಿಂದ ಈವರೆಗೆ ನನ್ನ ಹತ್ತಿರ ಒಂದು ಮಾತಾಡಿಲ್ಲ. ಈಗ ಬೇರೆ ತಾಲ್ಲೂಕಿನಲ್ಲಿ ಟೀಚರು.

ಕೇಸು ಬಿದ್ದುಹೋಯಿತು. ಅಣ್ಣನಿಗೆ ಬಿಡುಗಡೆ. ನಮ್ಮ ವಕೀಲರು ಮರದಡಿ ನಿಂತಿದ್ದ ಊರಿನವರಿಗೆ, "ನಿಮ್ಮ ಮೇಷ್ಟ್ರು ಒಂದೇ ಮಾತಲ್ಲಿ ಮುಗಿಸಿಬಿಟ್ಟರು, ಆಯಮ್ಮನಿಗೆ ತಲೆ ಸರಿಯಿಲ್ಲ ಅಂತ ಇಂಗ್ಲಿಷಲ್ಲಿ ಹೇಳಿಬಿಟ್ಟರು" ಎಂದು ಮೆಚ್ಚಿಕೊಂಡು ಬಿಡಿಸಿ ಹೇಳಿದರು. ನಾವು ಮನೆ ಸೇರುವ ಮೊದಲೇ ಆ ಮಾತು ಊರು ಸೇರಿತ್ತು. ಕನ್ನಡದಲ್ಲಿ ಹೇಳಿದ್ದರೆ ಜಗಳದ ಮಾತು ಎಂದು ಮರೆತುಬಿಡುತ್ತಿದ್ದರು. ಇಂಗ್ಲಿಷಿನಲ್ಲಿ, ಕೋರ್ಟಿನಲ್ಲಿ, ಲೆಕ್ಚರರು ಹೇಳಿದ್ದಾದ್ದರಿಂದ ಡಾಕ್ಟರು ಬರೆದುಕೊಟ್ಟಷ್ಟು ಗಟ್ಟಿಯಾಯಿತು.

ಆಮೇಲೆ ತಮ್ಮನ ಹೆಂಡತಿ ಏನು ಹೇಳಿದರೂ ಅಷ್ಟೇ. ಹೆಂಗಸರ ಸಂಘದಲ್ಲಿ ಅವಳು ಲೆಕ್ಕದ ತಪ್ಪೊಂದನ್ನು ಎತ್ತಿ ತೋರಿಸಿದರೆ, "ಆಯ್ತು ಕಣವ್ವ ಆಯ್ತು" ಎಂದು ಸಮಾಧಾನ ಮಾಡಿದರು. ಯಾರದೋ ದನ ಬೆಳೆ ಮೇಯ್ದಿತು ಎಂದರೆ, ಇರಲಿ ಬಿಡು ಎಂದು ನಕ್ಕರು. ಒಂದು ಸಲ ಅವಳು ಸಿಟ್ಟಿಗೆದ್ದು ಒಬ್ಬಳ ಜುಟ್ಟು ಹಿಡಿದು ಎಳೆದಾಡಿದಳು. ನಾಲ್ಕು ಜನ ಸೇರಿ ಅವಳ ಕೈ ಹಿಂದಕ್ಕೆ ತಿರುಚಿ ಕಂಬಕ್ಕೆ ಒತ್ತಿ ಹಿಡಿದು, ತಲೆಗೆ ತಣ್ಣೀರು ಸುರಿದರು. ಗಂಡನೂ ನಿಂತು ನೋಡಿದ. ನಾನೂ ನೋಡಿದೆ, ನಮ್ಮ ಜಗುಲಿಯಿಂದ. ಅವಳ ತುಟಿ ಒಡೆದು ರಕ್ತ ಬರುತ್ತಿತ್ತು. ನಾನು ಎದ್ದು ಒಳಗೆ ಹೋದೆ.

ಹೋದ ವರ್ಷ ನಿವೃತ್ತನಾದೆ. ಕಳೆದುಕೊಳ್ಳಲು ಕೆಲಸ ಇಲ್ಲದ ಮೇಲೆ ಧೈರ್ಯ ಬಂತು. ಬೆಲೆಯಿಲ್ಲದ ಧೈರ್ಯ, ಒಪ್ಪುತ್ತೇನೆ. ಒಂದು ಬೆಳಿಗ್ಗೆ ಅವಳು ಗದ್ದೆಯಲ್ಲಿ ಕಳೆ ಕೀಳುತ್ತಿದ್ದಾಗ ಬದುವಿನ ಮೇಲೆ ನಿಂತು, ನಾನೇ ಹೊಡೆದದ್ದು ಎಂದು ಊರ ಮುಂದೆ ಹೇಳಿಬಿಡುತ್ತೇನೆ ಎಂದೆ. ಅವಳು ಸೊಂಟ ನೆಟ್ಟಗೆ ಮಾಡದೆ, "ಯೇಳಿ" ಎಂದಳು. ಕಳೆ ಕೀಳುತ್ತಾ ಮುಂದಕ್ಕೆ ಸರಿದಳು.

ಅಣ್ಣನಿಗೂ ಹೇಳಿದೆ. ಅವನು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವನು ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಿದ. ಅರವತ್ತೈದರ ಕೈ, ಆದರೂ ಕಿವಿ ಗುಂಯ್ ಎಂದಿತು. ಎರಡನೆಯ ಏಟಿಗೆ ನಾನು ಗೋಡೆಗೆ ಬಿದ್ದೆ. "ಅದಿನೇಳ್ ದಿಸ ನಾನ್ ಒದೆ ತಿಂದಿದ್ದು ಇದ್ಕಾ?" ಎಂದ. "ನಾನ್ ಒಡ್ದಿಲ್ಲ ಅಂದ್ರೆ ನಾನ್ ಯಾವೋನ್ಲಾ ಈ ಊರಲ್ಲಿ?" ಅವನು ಅಳುತ್ತಿದ್ದ. ಅವನು ಅತ್ತದ್ದನ್ನು ನಾನು ಮೊದಲು ನೋಡಿದ್ದು ಅವತ್ತು. ನನ್ನ ತಪ್ಪಿನಿಂದ ಅವನು ಏನೋ ಒಂದನ್ನು ಕಟ್ಟಿಕೊಂಡಿದ್ದ, ಅದನ್ನೂ ನಾನು ಕೀಳಲು ಹೊರಟಿದ್ದೆ.

ಆದರೂ ಮಾರನೆಯ ಬೆಳಿಗ್ಗೆ ಹೋದೆ. ಊರೆಲ್ಲ ಒಂದೆಡೆ ಸೇರುವುದು ಹಾಲಿನ ಡೈರಿಯ ಮುಂದೆ. ನಲವತ್ತು ಜನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದರು. ತಮ್ಮನ ಹೆಂಡತಿ ಏಳನೆಯವಳೋ ಎಂಟನೆಯವಳೋ. ನಾನು ಮೆಟ್ಟಿಲ ಮೇಲೆ ನಿಂತು, ಕ್ಲಾಸಿನ ದನಿಯಲ್ಲಿ, ಗುದ್ದಲಿಯಲ್ಲಿ ಹೊಡೆದವನು ನಾನು, ಅಣ್ಣ ಅಲ್ಲ, ಕೋರ್ಟಿನಲ್ಲಿ ನಿಜ ಹೇಳಿದ್ದು ಈ ಹೆಣ್ಣುಮಗಳು, ಇವಳಿಗೆ ತಲೆ ಸರಿಯಿಲ್ಲ ಎಂದು ನಾನು ಹೇಳಿದ್ದು ಸುಳ್ಳು ಎಂದೆ. ಮೊದಲಿನಿಂದ ಕೊನೆಯವರೆಗೆ ಹೇಳಿದೆ.

ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹಿರಿಯ ಬಂದು ನನ್ನ ಭುಜ ಹಿಡಿದು, "ಬುಡಿ ಮೇಷ್ಟ್ರೇ, ರಿಟೈರಾದ್ಮೇಲೆ ಅಂಗೇ ಆಯ್ತದೆ. ಒಸಿ ತಿರ್ಗಾಡಿ, ಪಾಠಗೀಠ ಯೇಳಿ" ಎಂದ. ನಾನು ಅವನ ಕೈ ಕಿತ್ತೆಸೆದೆ, ನಾನು ಹೇಳುವುದನ್ನು ಕೇಳಿ ಎಂದು ಕೂಗಿದೆ. ಕೂಗಿದ್ದಕ್ಕೆ ಇಬ್ಬರು ಬಂದು ಇನ್ನೂ ಬಿಗಿಯಾಗಿ ಹಿಡಿದುಕೊಂಡರು.

ಅಷ್ಟರಲ್ಲಿ ಅಣ್ಣ ಬಂದ. ಕೆಂಪು ಕಣ್ಣು, ತೀಡಿದ ಮೀಸೆ. "ಒಡ್ದಿದ್ದು ನಾನೇ ಕಣ್ರಯ್ಯ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಒಳಗಿದ್ ಬಂದೋನ್ ನಾನು. ನನ್ ತಮ್ಮಂಗೆ ಈಗೀಗ ಒಸಿ ತಲೆ ನಿಲ್ತಾ ಇಲ್ಲ. ಬುಡ್ರಪ್ಪ, ನಾನ್ ಕರ್ಕಂಡ್ ಓಯ್ತೀನಿ."

ಎಲ್ಲರೂ ಅವನನ್ನು ನಂಬಿದರು. ನನ್ನನ್ನು ಪಾಪ ಎಂಬಂತೆ ನೋಡಿ, ದಾರಿ ಬಿಟ್ಟರು. ಯಾರೋ ಒಬ್ಬಳು ಕುಡಿಯಲು ನೀರು ತಂದುಕೊಟ್ಟಳು. ಅಣ್ಣ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗುವಾಗ ನಾವು ಸಾಲಿನ ಪಕ್ಕದಲ್ಲೇ ಹಾದೆವು. ಅವಳು ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು ನನ್ನ ಮುಖ ನೋಡಿದಳು.

"ಈಗ್ ಗೊತ್ತಾಯ್ತಾ ಭಾವ?" ಎಂದಳು, ಮೆಲ್ಲಗೆ. ಆಮೇಲೆ ಮುಂದಿನವರು ಸರಿದರು, ಅವಳು ಹಾಲು ಅಳೆಸಲು ಹೋದಳು.